ಮಕ್ಕಳ ಚಿತ್ರಮಾಲೆಗೆ ಮನ್ನಣೆ

ಬೇಗೂರು ಇಂದು ಬೆಂಗಳೂರಿನೊಳಗೆ ಸೇರಿಹೋಗಿರುವ ಊರು. ಒಂದು ಪಕ್ಕದಲ್ಲಿ ಹೊಸೂರು ರಸ್ತೆ, ಅದರಲ್ಲಿ ಮುಂದೆ ಸಾಗಿದರೆ ಎಲೆಕ್ಟ್ರಾನಿಕ್ ಸಿಟಿ. ಇನ್ನೊಂದು ಪಕ್ಕದಲ್ಲಿ ಬನ್ನೇರುಘಟ್ಟದ ರಸ್ತೆ. ನಡುವೆ ಒಂದು ಕೆರೆ, ಹಳೆಯ ಕೋಟೆ, ನಾಗೇಶ್ವರ ದೇವಾಲಯ. ಈ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಕಾಲದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಒಂದು ಶಾಸನವುಂಟು. 'ಬೆಂಗಳೂರು' ಎಂಬ ಹೆಸರನ್ನುಳ್ಳ ಅತಿ ಹಳೆಯ ಬರಹವೆಂದು ಅದು ಪ್ರಸಿದ್ಧವಾಗಿದೆ. ಆದರೆ ಅದನ್ನು ಕೆತ್ತಿಸಿದವರಿಗೆ ಊರಿನ ಹೆಸರು ಮುಖ್ಯವಾಗಿರಲಿಲ್ಲ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಮಡಿದನು, ನಾಗತ್ತರನ ಮನೆಯ ಸೇವಕ ಪೆರ್ವೊಣಸೆಟ್ಟಿ ಮಡಿದನು ಎಂಬುದನ್ನು ಹೇಳುವುದೇ ಅವರ ಉದ್ದೇಶ. ಒಡೆಯನ ಮಗನ ಹೆಸರಿನ ಜೊತೆಯಲ್ಲಿಯೇ ಮನೆಯ ಆಳಿನ ಹೆಸರೂ ಕಲ್ಲನ್ನೇರಿತು.

ಬೇಗೂರಿನದೇ ಆದ ಮತ್ತೊಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಪರವಾಗಿ ಹೋರಾಡಿ ನಾಗತ್ತರನು ಸತ್ತ ಯುದ್ಧವನ್ನು ಅದರ ಮೇಲೆ ಚಿತ್ರಿಸಲಾಗಿದೆ. ಆನೆ, ಕುದುರೆ, ನುಗ್ಗುವ ಕಾಲಾಳು, ಕೆಳಗುರುಳಿದ ಯೋಧರು ಎಲ್ಲವೂ ಒಂದೇ ಹಾಸುಗಲ್ಲಿನಲ್ಲಿ ತುಂಬಿಕೊಂಡಿವೆ. ಆತನ ಮರಣಾನಂತರ ಎರೆಯಪ್ಪರಸನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, 'ಬೆಂಪೂರು ಹನ್ನೆರಡು' ಎಂಬ ಗ್ರಾಮಸಮೂಹವನ್ನು ಬಿಟ್ಟುಕೊಟ್ಟನೆಂದು ಅದರ ಬರಹ ತಿಳಿಸುತ್ತದೆ. ಬೆಂಪೂರೆಂದರೆ ಇಂದಿನ ಬೇಗೂರೇ. ಓದು ಬಾರದವನು ಆ ಚಿತ್ರವನ್ನು ನೋಡಿ ಕಥೆಯನ್ನು ತಿಳಿಯುತ್ತಿದ್ದನು. ಓದು ಬಲ್ಲವನು ಹೆಸರನ್ನೂ ಕೊಡುಗೆಯನ್ನೂ ತಿಳಿಯುತ್ತಿದ್ದನು. ಚಿತ್ರದಿಂದ ತಿಳಿವಳಿಕೆ, ಅಕ್ಷರದಿಂದ ಮನ್ನಣೆ ಎಂಬ ಎರಡು ಕೆಲಸಗಳನ್ನು ಆ ಕಾಲದವರು ಒಂದೇ ಕಲ್ಲಿಗೆ ಒಪ್ಪಿಸಿದ್ದರು.

ಆ ಎರಡು ಕೆಲಸಗಳು ಇಂದು ಬೇರೆ ಬೇರೆಯಾಗಿವೆ. ಮಕ್ಕಳಿಗೆ ಪಾಠ ಹೇಳುವ ಚಿತ್ರಗಳು ಕಲ್ಲಿನಿಂದ ದೂರದರ್ಶನದ ಪರದೆಗೆ ಬಂದು ಚಲಿಸತೊಡಗಿವೆ. ಇವುಗಳನ್ನು ಅನಿಮೇಷನ್ ಚಿತ್ರಗಳೆಂದು ಕರೆಯುತ್ತಾರೆ; ಜನಸಾಮಾನ್ಯರ ಮಾತಿನಲ್ಲಿ ಇವು ಕಾರ್ಟೂನು. ಇಂಥ ಶೈಕ್ಷಣಿಕ ಮಾಲಿಕೆಗಳಿಗೆ ಪ್ರಪಂಚದ ಹಲವೆಡೆ ದೊಡ್ಡ ದೊಡ್ಡ ಪ್ರಶಸ್ತಿಗಳು ಸಲ್ಲುತ್ತಿವೆ. ಆ ಪ್ರಶಸ್ತಿ ಯಾವುದನ್ನು ಅಳೆದು ಕೊಟ್ಟದ್ದು, ಯಾರ ಹೆಸರಿಗೆ ಸಂದದ್ದು, ಸಂದ ಮೇಲೆ ಅದರಿಂದ ಮಗುವಿಗೆ ಏನು ದೊರೆಯಿತು ಎಂಬ ಪ್ರಶ್ನೆಗಳನ್ನು ಕನ್ನಡ ನಾಡು ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ.

ಅನಿಮೇಷನ್ ಕಲೆಯ ಗುಟ್ಟು ಸರಳವಾದುದು. ಶ್ರಮ ಮಾತ್ರ ಅಪಾರವಾದುದು. ಒಂದಕ್ಕಿಂತ ಒಂದು ತುಸುವೇ ಬೇರೆಯಾದ ಚಿತ್ರಗಳನ್ನು ಸೆಕೆಂಡಿಗೆ 24ರಂತೆ ತೋರಿಸಿದರೆ ಕಣ್ಣು ಅವನ್ನು ಬಿಡಿಬಿಡಿಯಾಗಿ ಗುರುತಿಸಲಾರದೆ ಚಲನೆಯೆಂದು ಭಾವಿಸುತ್ತದೆ. ಹೀಗೆ ಏಳು ನಿಮಿಷಗಳ ಒಂದು ಚಿತ್ರಕ್ಕೆ ಹತ್ತು ಸಾವಿರಕ್ಕೂ ಮಿಕ್ಕು ಚೌಕಟ್ಟುಗಳು ಬೇಕು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿಕೊಂಡರೂ ಐದು ಸಾವಿರ ಚಿತ್ರಗಳಾದುವು. ಇಂದು ಗಣಕಯಂತ್ರ ಈ ಹೊರೆಯನ್ನು ಬಹುಮಟ್ಟಿಗೆ ಹಗುರಗೊಳಿಸಿದೆಯೆಂಬುದು ನಿಜ. ಆದರೂ ಮೊಲವೊಂದು ಹೆದರಿದಾಗ ಕಿವಿ ಮೊದಲು ನೆಟ್ಟಗಾಗಬೇಕೋ ಕಣ್ಣು ಮೊದಲು ಅರಳಬೇಕೋ ಎಂಬುದನ್ನು ಬಲ್ಲವನು ಮನುಷ್ಯನೇ. ಮಗುವಿಗೆ ಅರ್ಥವಾಗುವುದು ಆ ಕಿವಿ, ಆ ಕಣ್ಣು.

ಭಾರತದಲ್ಲಿ ಶೈಕ್ಷಣಿಕ ಅನಿಮೇಷನ್ನಿಗೆ ದೊರೆತ ಮನ್ನಣೆಯ ಮಾತು ಬಂದಾಗ 'ಏಕ್ ಅನೇಕ್ ಔರ್ ಏಕತಾ' ಎಂಬ ಹಿಂದಿ ಕಿರುಚಿತ್ರವನ್ನು ನೆನೆಯದಿರಲಾಗದು. 1974ರಲ್ಲಿ ಫಿಲ್ಮ್ಸ್ ಡಿವಿಷನ್ ನಿರ್ಮಿಸಿದ ಈ ಚಿತ್ರದ ನಿರ್ದೇಶಕಿ ವಿಜಯಾ ಮುಳೆ. ಚಿತ್ರಗಳಿಗೆ ಚಲನೆ ಕೊಟ್ಟವರು ಭೀಮಸೇನ್. ಬೇಡನ ಬಲೆಗೆ ಸಿಕ್ಕ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರಿಹೋದ ಪಂಚತಂತ್ರದ ಕಥೆಯನ್ನು ಅಕ್ಕನೊಬ್ಬಳು ತಮ್ಮನಿಗೆ ಹೇಳುವಂತೆ ಅದನ್ನು ರಚಿಸಲಾಗಿತ್ತು. ಅತ್ಯುತ್ತಮ ಶೈಕ್ಷಣಿಕ ಚಿತ್ರವೆಂದು ಅದಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ದೊರೆಯಿತು. ಆದರೆ ಅದು ಮನೆಮಾತಾದುದು ಪ್ರಶಸ್ತಿಯಿಂದಲ್ಲ. ದೂರದರ್ಶನವು ಅದನ್ನು ಮತ್ತೆ ಮತ್ತೆ ತೋರಿಸಿದುದರಿಂದ. ಹಿಂದಿ ಬಾರದ ಊರುಗಳ ಮಕ್ಕಳೂ ಅದರ ಹಾಡನ್ನು ಕಂಠಪಾಠ ಮಾಡಿದರು. ಹಾಡಿದವರಲ್ಲಿ ಎಷ್ಟು ಮಂದಿಗೆ ಆ ಹಕ್ಕಿಗಳಿಗೆ ರೆಕ್ಕೆ ಬಡಿಯಲು ಕಲಿಸಿದವರ ಹೆಸರು ಗೊತ್ತು?

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. 'ಏಕ್ ಅನೇಕ್' ಒಂದೇ ಒಂದು ಚಿತ್ರ. ರಾಷ್ಟ್ರೀಯ ಪ್ರಶಸ್ತಿಯಾಗಲಿ ರಾಜ್ಯ ಸರ್ಕಾರ ಕೊಡುವ ಚಲನಚಿತ್ರ ಪ್ರಶಸ್ತಿಯಾಗಲಿ ಚಲನಚಿತ್ರಗಳಿಗೆ ಮೀಸಲಾದವು. ವಾರವಾರವೂ ಮನೆಗೆ ಬಂದು, ಇಂದು ಎಣಿಕೆಯನ್ನೂ ನಾಳೆ ಕೈತೊಳೆಯುವುದನ್ನೂ ಕಲಿಸುವ ಮಾಲಿಕೆ ಆ ಬಾಗಿಲುಗಳಲ್ಲಿ ನಿಲ್ಲುವಂತಿಲ್ಲ. ಮಗುವಿನ ಕಲಿಕೆಯಾದರೋ ಒಂದು ದಿನದ ಉತ್ಸವವಲ್ಲ. ಅಕ್ಷರವನ್ನು ಒಂದು ಸಲ ತೋರಿಸಿ ಬಿಟ್ಟರೆ ಅದು ಮರೆತುಹೋಗುತ್ತದೆ. ಬೇರೆ ಬೇರೆ ಸಂದರ್ಭಗಳಲ್ಲಿ ಹತ್ತು ಸಲ ಎದುರಾದಾಗ ಮಾತ್ರ ಅದು ಪರಿಚಿತವಾಗುತ್ತದೆ. ಶೈಕ್ಷಣಿಕ ಮಾಲಿಕೆಯ ಬೆಲೆ ಇರುವುದು ಅದರ ನಿರಂತರತೆಯಲ್ಲಿ.

ಈ ನಿರಂತರತೆಯೇ ಕನ್ನಡದ ಮಕ್ಕಳಿಗೆ ದೊರೆಯದೆ ಹೋದ ವಸ್ತು. 1975ರ ಆಗಸ್ಟ್ 1ರಂದು ಭಾರತದಲ್ಲಿ ಉಪಗ್ರಹದ ಮೂಲಕ ಪಾಠ ಹೇಳುವ ಮಹಾಪ್ರಯೋಗವೊಂದು ಆರಂಭವಾಯಿತು. 'ಸೈಟ್' ಎಂದು ಹೆಸರಾದ ಆ ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ವಿದ್ಯುತ್ತಿನ ಮುಖವನ್ನು ಆಗತಾನೆ ಕಂಡಿದ್ದ ಊರುಗಳ ಶಾಲೆಗಳಲ್ಲಿ ಬೆಳಗಿನ ಹೊತ್ತು ಮಕ್ಕಳು ಪೆಟ್ಟಿಗೆಯ ಮುಂದೆ ಕುಳಿತರು. ಒಂದೊಂದು ಭಾಷೆಗೆ ದಿನಕ್ಕೆ 22 ನಿಮಿಷ 30 ಸೆಕೆಂಡುಗಳ ಪಾಠ. ಕನ್ನಡಕ್ಕೂ ಅಷ್ಟು ಕಾಲ ದೊರೆಯಿತು. ರಾಜಧಾನಿಯಾದ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ ಎಂಬುದನ್ನು ನೆನೆದರೆ, ಆ ಹಳ್ಳಿಯ ಮಕ್ಕಳು ಪಟ್ಟಣದ ಮಕ್ಕಳಿಗಿಂತ ಎಷ್ಟು ಮುಂದಿದ್ದರೆಂಬುದು ತಿಳಿಯುತ್ತದೆ.

1976ರ ಜುಲೈ 31ಕ್ಕೆ ಆ ವರ್ಷ ಮುಗಿಯಿತು. ಉಪಗ್ರಹವನ್ನು ಕೊಟ್ಟವರು ಹಿಂದಕ್ಕೆ ಪಡೆದರು. ಮುಂದೆ ಇನ್‌ಸ್ಯಾಟ್ ಉಪಗ್ರಹಗಳ ಕಾಲ ಬಂದಾಗ ಶೈಕ್ಷಣಿಕ ಪ್ರಸಾರಕ್ಕಾಗಿ ಆಂಧ್ರಪ್ರದೇಶ, ಒಡಿಶಾ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಉತ್ತರಪ್ರದೇಶಗಳನ್ನು ಆರಿಸಿಕೊಂಡು, ಆ ರಾಜ್ಯಗಳಲ್ಲಿ ಮಕ್ಕಳ ಕಾರ್ಯಕ್ರಮಗಳನ್ನು ತಯಾರಿಸುವ ಸಂಸ್ಥೆಗಳನ್ನು ಕಟ್ಟಲಾಯಿತು. ಪ್ರಯೋಗದಲ್ಲಿ ಪಾಲ್ಗೊಂಡಿದ್ದ ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ದೆಹಲಿಯ ಕೇಂದ್ರೀಯ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆ ಮಕ್ಕಳ ಶೈಕ್ಷಣಿಕ ಕಾರ್ಯಕ್ರಮಗಳಿಗಾಗಿ ಅಖಿಲ ಭಾರತ ಮಟ್ಟದ ಉತ್ಸವವನ್ನು ನಡೆಸಿ ಪ್ರಶಸ್ತಿಗಳನ್ನು ಕೊಡುತ್ತ ಬಂದಿದೆ. ಆದರೆ ಕಾರ್ಯಾಗಾರವೇ ಇಲ್ಲದ ಕಡೆಯಿಂದ ಸ್ಪರ್ಧೆಗೆ ಹೋಗುವುದಾದರೂ ಏನು? 2004ರಲ್ಲಿ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ತಲುಪಿದುವು. ಒಳ್ಳೆಯ ಆರಂಭಗಳಿಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಎರಡನೆಯ ಅಧ್ಯಾಯಕ್ಕೆ ಮಾತ್ರ ಕೊರತೆ.

ಹಾಗಾದರೆ ಪ್ರಶಸ್ತಿಯೊಂದರಿಂದ ಈ ಕೊರತೆ ನೀಗುವುದೇ ಎಂದು ಕೇಳುವವರುಂಟು. ಪ್ರಶಸ್ತಿಯೆಂಬುದು ದೊಡ್ಡವರು ದೊಡ್ಡವರಿಗೆ ಹಾಕುವ ಹಾರ. ಮಗುವಿಗೆ ಅದರಿಂದ ಬರುವ ಭಾಗ್ಯವೇನು ಎಂಬುದು ಅವರ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮಕ್ಕಳ ಕಾರ್ಯಕ್ರಮಕ್ಕೆ ಬಹುಮಾನ ಕೊಡುವ ಸಮಿತಿಗಳಲ್ಲಿ ಮಕ್ಕಳನ್ನು ಬಿಟ್ಟು ಉಳಿದವರೆಲ್ಲರೂ ಇರುತ್ತಾರೆ. ಬಣ್ಣ ಚೆನ್ನಾಗಿದೆ, ಸಂಗೀತ ಇಂಪಾಗಿದೆ, ಸಂದೇಶ ಉದಾತ್ತವಾಗಿದೆ ಎಂದು ಅವರು ಅಂಕಗಳನ್ನು ಕೊಡುತ್ತಾರೆ. ಉದಾತ್ತ ಸಂದೇಶದ ಮುಂದೆ ಮಗು ಆಕಳಿಸಿದ್ದನ್ನು ಕಂಡವರಾರು?

ಇದಕ್ಕೆ ಉತ್ತರ ಅಮೆರಿಕದ 'ಸೆಸಮಿ ಸ್ಟ್ರೀಟ್' ಎಂಬ ಮಾಲಿಕೆಯ ಚರಿತ್ರೆಯಲ್ಲಿದೆ. 1969ರಲ್ಲಿ ಆರಂಭವಾದ ಈ ಮಾಲಿಕೆ ಪೂರ್ತಿಯಾಗಿ ಅನಿಮೇಷನ್ ಅಲ್ಲ. ಗೊಂಬೆಗಳೂ ಮನುಷ್ಯರೂ ಅದರಲ್ಲಿದ್ದಾರೆ. ಆದರೆ ಅಕ್ಷರಗಳನ್ನೂ ಅಂಕಿಗಳನ್ನೂ ಕಲಿಸಲು ಅದು ಮೊದಲಿನಿಂದಲೂ ಚಿಕ್ಕ ಚಿಕ್ಕ ಅನಿಮೇಷನ್ ತುಣುಕುಗಳನ್ನು ಬಳಸಿತು. ಅದರ ಸಂಶೋಧಕರಲ್ಲಿ ಪ್ರಮುಖರಾಗಿದ್ದ ಎಡ್ವರ್ಡ್ ಪಾಮರ್ ಒಂದು ಉಪಾಯವನ್ನು ಹೂಡಿದರು. ಕಾರ್ಯಕ್ರಮ ನಡೆಯುತ್ತಿರುವ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪರದೆಯನ್ನಿಟ್ಟು, ಅದರ ಮೇಲೆ ಏಳೆಂಟು ಸೆಕೆಂಡುಗಳಿಗೊಮ್ಮೆ ಬದಲಾಗುವ ಬಣ್ಣಬಣ್ಣದ ಸ್ಥಿರಚಿತ್ರಗಳನ್ನು ತೋರಿಸುವುದು. ಮಗುವಿನ ಕಣ್ಣು ಯಾವ ಕ್ಷಣದಲ್ಲಿ ಪಾಠವನ್ನು ಬಿಟ್ಟು ಅತ್ತ ಹೊರಳಿತೆಂಬುದನ್ನು ಗುರುತು ಹಾಕಿಕೊಳ್ಳುವುದು. ಕಣ್ಣು ಹೊರಳಿದ ಕಡೆಯಲ್ಲೆಲ್ಲ ತಪ್ಪು ಪಾಠದ್ದು, ಮಗುವಿನದಲ್ಲ. ಮಾಲಿಕೆಯನ್ನು ಹೀಗೆ ತಿದ್ದಿ ತಿದ್ದಿ ಬೆಳೆಸಿದರು. ಎಮ್ಮಿ ಪ್ರಶಸ್ತಿಗಳು ಅದಕ್ಕೆ ಸಾಲುಸಾಲಾಗಿ ಬಂದುವು. 2019ರಲ್ಲಿ ಕೆನಡಿ ಸೆಂಟರ್ ಗೌರವವನ್ನು ಪಡೆದ ಮೊದಲ ದೂರದರ್ಶನ ಕಾರ್ಯಕ್ರಮವೆಂಬ ಕೀರ್ತಿಯೂ ಸಂದಿತು. ಆದರೆ ಹಾರ ಹಾಕಿದ ದೊಡ್ಡವರಿಗಿಂತ ಮೊದಲು ತೀರ್ಪು ಕೊಟ್ಟವರು ಆ ಪುಟ್ಟ ಕಣ್ಣುಗಳು.

ದಕ್ಷಿಣ ಏಷ್ಯಾದಲ್ಲಿಯೇ ಇಂಥ ಎಚ್ಚರಕ್ಕೆ ನಿದರ್ಶನವುಂಟು. 1990ರ ದಶಕದಲ್ಲಿ ಯುನಿಸೆಫ್ ಸಂಸ್ಥೆ ಹೆಣ್ಣುಮಕ್ಕಳ ಶಿಕ್ಷಣ, ಆರೋಗ್ಯಗಳನ್ನು ಕುರಿತು 'ಮೀನಾ' ಎಂಬ ಅನಿಮೇಷನ್ ಮಾಲಿಕೆಯನ್ನು ಹೊರತಂದಿತು. ಮೀನಾಳ ರೂಪಕ್ಕೆ ರೇಖೆ ಕೊಟ್ಟವರು ಭಾರತದ ಅನಿಮೇಷನ್ನಿನ ಹಿರಿಯರಾದ ರಾಮಮೋಹನ್. ಬಾಂಗ್ಲಾದೇಶ, ಭಾರತ, ನೇಪಾಳ, ಪಾಕಿಸ್ತಾನಗಳ ಹಳ್ಳಿಗಳಲ್ಲಿ ಚಿತ್ರಗಳನ್ನು ತೋರಿಸಿ, ನಾಲ್ಕೂ ದೇಶಗಳ ಜನ ತಮ್ಮ ಮನೆಯ ಹುಡುಗಿಯೆಂದು ಒಪ್ಪುವಂಥ ಮುಖವನ್ನೂ ಉಡುಪನ್ನೂ ಆರಿಸಲಾಯಿತು. ಶಾಲೆಗೆ ಹೋಗಲು ಅನುಮತಿಯಿಲ್ಲದ ಆ ಹುಡುಗಿ ತನ್ನ ಗಿಳಿಯನ್ನು ಶಾಲೆಗೆ ಕಳುಹಿಸಿ ಎಣಿಕೆ ಕಲಿತು, ಮನೆಯ ಕೋಳಿಗಳನ್ನು ಎಣಿಸಿ ಕಳ್ಳತನವನ್ನು ಕಂಡುಹಿಡಿಯುತ್ತಾಳೆ. ಲೆಕ್ಕ ಬಲ್ಲ ಮಗಳು ಮನೆಗೆ ಲಾಭವೆಂಬುದನ್ನು ಭಾಷಣವಿಲ್ಲದೆ ಹೇಳುವ ಬಗೆ ಇದು. ರಾಮಮೋಹನ್ ಅವರಿಗೆ 2014ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಇನ್ನು ಹೆಸರಿನ ಮಾತು. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಕಥೇತರ ವಿಭಾಗದ ಅತ್ಯುತ್ತಮ ಅನಿಮೇಷನ್ ಚಿತ್ರದ ಪ್ರಶಸ್ತಿ ನಿರ್ಮಾಪಕರಿಗೂ ನಿರ್ದೇಶಕರಿಗೂ ಸಲ್ಲುವಂತೆ, ಚಿತ್ರಕ್ಕೆ ಚಲನೆ ಕೊಟ್ಟ ಅನಿಮೇಟರಿಗೂ ಪ್ರತ್ಯೇಕವಾಗಿ ಸಲ್ಲುತ್ತದೆ. ಬೇಗೂರಿನ ಕಲ್ಲಿನ ಧರ್ಮಕ್ಕೆ ಇದು ಹತ್ತಿರವಾದುದು. ಆದರೆ ಬೆಂಗಳೂರಿನಲ್ಲಿ ಈ ಕಲೆ ಒಂದು ಉದ್ಯಮವಾಗಿ ಬೆಳೆದ ಬಗೆಯೇ ಬೇರೆ. ಇಲ್ಲಿನ ಸ್ಟುಡಿಯೋಗಳಿಗೆ ಹೆಚ್ಚಿನ ಕೆಲಸ ಬಂದದ್ದು ಹೊರದೇಶಗಳಿಂದ. ಕಥೆ ಅಲ್ಲಿಯದು, ಪಾತ್ರ ಅಲ್ಲಿಯದು, ಧ್ವನಿ ಅಲ್ಲಿಯದು. ಪಾತ್ರ ನಡೆಯುವುದು, ನಗುವುದು, ಅದರ ಮೇಲೆ ಬೆಳಕು ಬೀಳುವುದು ಇಲ್ಲಿಯದು. ಮಾಲಿಕೆಗೆ ಪ್ರಶಸ್ತಿ ಬಂದಾಗ ವೇದಿಕೆಯನ್ನೇರುವವರು ಅಲ್ಲಿಯವರೇ. ಇಲ್ಲಿಯವರ ಹೆಸರುಗಳು ಕಂತಿನ ಕೊನೆಯಲ್ಲಿ ಸಣ್ಣಕ್ಷರಗಳಲ್ಲಿ ಮೇಲಕ್ಕೆ ಸರಿದುಹೋಗುತ್ತವೆ. ಅವು ಸರಿಯುವಷ್ಟರಲ್ಲಿ ಪರದೆ ಮುಂದಿನ ಕಂತಿಗೆ ಹಾರಿರುತ್ತದೆ.

ಹೆಸರಿಲ್ಲದ ಕೆಲಸಕ್ಕೆ ಬುಡವಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದುಬಿದ್ದಾಗ ಬೆಂಗಳೂರಿನಲ್ಲಿದ್ದ ಅದರ ದೊಡ್ಡ ಸ್ಟುಡಿಯೋ ಕೂಡ ಮುಚ್ಚಿತು. ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು. ಮಕ್ಕಳನ್ನು ನಗಿಸಬಲ್ಲ, ಎಣಿಕೆಯನ್ನು ಹಾಡಾಗಿಸಬಲ್ಲ ಅಷ್ಟೊಂದು ಕೈಗಳು ಈ ಊರಿನಲ್ಲಿದ್ದೂ, ಅವುಗಳಲ್ಲಿ ಬಹುಪಾಲು ಕನ್ನಡದ ಮಗುವಿಗಾಗಿ ಒಂದು ಗೆರೆಯನ್ನೂ ಎಳೆಯುವ ಸಂದರ್ಭ ಬರಲಿಲ್ಲವೆಂಬುದು ವಿಚಾರ ಮಾಡತಕ್ಕ ಸಂಗತಿ. ರಾಜ್ಯ ಸರ್ಕಾರ ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಅನಿಮೇಷನ್ ಉದ್ಯಮಕ್ಕೆಂದೇ 2012ರಲ್ಲಿ ನೀತಿಯೊಂದನ್ನು ರೂಪಿಸಿದ ಮೊದಲ ರಾಜ್ಯ ಕರ್ನಾಟಕ. 2021ರಲ್ಲಿ ಮಹದೇವಪುರದಲ್ಲಿ ಈ ಕ್ಷೇತ್ರದ ಉತ್ಕೃಷ್ಟತಾ ಕೇಂದ್ರವೂ ಆರಂಭವಾಯಿತು. ಯಂತ್ರಗಳು, ತರಬೇತಿ, ನೀತಿ ಎಲ್ಲವೂ ಇವೆ. ಇವುಗಳನ್ನು ಮಗುವಿನ ಕಡೆಗೆ ತಿರುಗಿಸುವ ಕೈಮರ ಮಾತ್ರ ಇನ್ನೂ ನೆಟ್ಟಿಲ್ಲ.

ಆ ಮಗು ಯಾರು? ಬೇಗೂರು, ಬೊಮ್ಮನಹಳ್ಳಿಗಳ ಕಡೆಯ ಶಾಲೆಯೊಂದರ ಒಂದನೆಯ ತರಗತಿಯನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಕಟ್ಟಡದ ಕೆಲಸಕ್ಕೂ ಬಂದವರ ಮಕ್ಕಳು ಅಲ್ಲಿರುತ್ತಾರೆ. ಒಬ್ಬನ ಮನೆಮಾತು ತೆಲುಗು, ಮತ್ತೊಬ್ಬಳದು ತಮಿಳು, ಇನ್ನೊಬ್ಬನದು ಒಡಿಯಾ. ರಾಯಚೂರು, ಕಲಬುರಗಿಗಳ ಕಡೆಯಿಂದ ಬಂದ ಮಗುವಿನ ಕನ್ನಡವೇ ಬೇರೆ. ಶಿಕ್ಷಕಿ 'ಮೋಡ' ಎಂದಾಗ ಅರ್ಧ ತರಗತಿಗೆ ಅದು ಬರಿಯ ಸದ್ದು. ಅದೇ ಮೋಡ ಪರದೆಯ ಮೇಲೆ ಕೆರೆಯಿಂದ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು, ಗುಡ್ಡಕ್ಕೆ ಡಿಕ್ಕಿ ಹೊಡೆದು ಅಳತೊಡಗಿದರೆ, ಭಾಷೆ ಬಾರದ ಮಗುವಿಗೂ ಮಾತು ಹಿಡಿಯುತ್ತದೆ. ಚಲಿಸುವ ಚಿತ್ರ ಅರ್ಥವನ್ನು ಮೊದಲು ಕೊಟ್ಟು ಪದವನ್ನು ಆಮೇಲೆ ಕೊಡುತ್ತದೆ. ತಾಯಿ ಮಾತು ಕಲಿಸುವ ಕ್ರಮವೂ ಅದೇ. ಪರದೇಶದ ಮಾಲಿಕೆಯನ್ನು ತಂದು ಕನ್ನಡದ ಧ್ವನಿ ಕೂಡಿಸಿದರೆ ಸಾಲದೇ ಎನ್ನುವವರಿದ್ದಾರೆ. ಅದೂ ಆಗಲಿ, ಬೇಡವೆನ್ನುವುದಿಲ್ಲ. ಆದರೆ ಹಿಮದ ಗೊಂಬೆ ಕಟ್ಟುವ ಹುಡುಗನಿಗೆ ಕನ್ನಡ ಮಾತನಾಡಿಸಿದ ಮಾತ್ರಕ್ಕೆ ರಾಗಿಯ ತೆನೆ ಮೂಡುವುದಿಲ್ಲ.

ಕರ್ನಾಟಕದಲ್ಲಿ ಮಕ್ಕಳ ಶೈಕ್ಷಣಿಕ ಚಿತ್ರಮಾಲೆಗಳಿಗೆ ಮನ್ನಣೆ ಕೊಡುವುದಾದರೆ ಅದರ ಕ್ರಮವನ್ನು ಹೊಸದಾಗಿ ಯೋಚಿಸಬೇಕು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1964ರಲ್ಲಿ ಸ್ಥಾಪಿತವಾದ 'ಪ್ರಿ ಜ್ಯೂನೆಸ್' ಎಂಬ ಪ್ರಶಸ್ತಿಯಲ್ಲಿ, ನಾನಾ ದೇಶಗಳಿಂದ ಬಂದ ಮಕ್ಕಳ ಕಾರ್ಯಕ್ರಮಗಳ ರಚನಕಾರರು ಒಟ್ಟಿಗೆ ಕುಳಿತು ಕೃತಿಗಳನ್ನು ನೋಡಿ, ಬಹಿರಂಗವಾಗಿ ಚರ್ಚಿಸಿ ಮತ ಹಾಕುತ್ತಾರೆ. ಮಕ್ಕಳ ತೀರ್ಪಿಗೂ ಅಲ್ಲಿ ಸ್ಥಳವುಂಟು. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸ್ಪರ್ಧೆಗೆ ಬಂದ ಮಾಲಿಕೆಗಳನ್ನು ಮೊದಲು ಬೇಗೂರಿನಂಥ ಊರಿನ ಶಾಲೆಯಲ್ಲಿ, ಸುರಪುರದ ಕಡೆಯ ಶಾಲೆಯಲ್ಲಿ, ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ತೋರಿಸಬೇಕು. ಒಂದು ತಿಂಗಳ ಅನಂತರ ಹೋಗಿ ಮಕ್ಕಳಿಗೆ ಏನು ನೆನಪಿದೆಯೆಂದು ಕೇಳಬೇಕು. ದೊಡ್ಡವರ ಸಮಿತಿ ಸೇರುವುದು ಆಮೇಲೆ. ಫಲಕದ ಮೇಲೆ ಸಂಸ್ಥೆಯ ಹೆಸರೊಂದನ್ನೇ ಬರೆಯದೆ, ಕಥೆ ಬರೆದವರು, ಗೆರೆ ಎಳೆದವರು, ಚಲನೆ ಕೊಟ್ಟವರು, ಧ್ವನಿ ಕೊಟ್ಟವರು ಎಲ್ಲರ ಹೆಸರನ್ನೂ ಕೆತ್ತಬೇಕು. ಸ್ಥಳ ಸಾಲದೆಂಬ ನೆಪ ಹೇಳುವವರಿಗೆ ಬೇಗೂರಿನ ಕಲ್ಲನ್ನು ತೋರಿಸಬಹುದು.

ಪ್ರಶಸ್ತಿಯ ಮೊತ್ತವನ್ನು ಚೀಲದಲ್ಲಿಟ್ಟು ಕೊಡುವುದಕ್ಕಿಂತ, ಅದೇ ಮಾಲಿಕೆಯ ಮುಂದಿನ ವರ್ಷದ ಕಂತುಗಳ ಖರ್ಚಾಗಿ ಕೊಡುವುದು ಲೇಸು. ಇರುಗನಿಗೆ ದೊರೆತದ್ದು ಬರಿಯ ಪಟ್ಟವಲ್ಲ, ಹನ್ನೆರಡು ಊರುಗಳು. ಪಟ್ಟದ ಜೊತೆಗೆ ಮುಂದಿನ ವರ್ಷದ ಬೆಳೆಯೂ ಸೇರಿತ್ತು. ಕನ್ನಡದ ಚಿತ್ರಮಾಲೆ ಒಂದಕ್ಕೆ ಹನ್ನೆರಡು ಕಂತುಗಳ ಭರವಸೆ ದೊರೆತರೆ, ಅದನ್ನು ಬರೆಯುವ ಕೈಗಳು ಮಹದೇವಪುರದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಈಗಲೂ ಕೆಲಸವನ್ನು ಹುಡುಕುತ್ತಿವೆ.